ಆಣೆಯ ಮಾತು, ವ್ಯಾಕರಣದ ಸಾಕ್ಷಿ

'ಮಾತು ಬಿಡ ಮಂಜುನಾಥ' ಎಂಬ ನುಡಿಯನ್ನು ಕೇಳದ ಕನ್ನಡಿಗರು ವಿರಳ. ಹಿಂದೆ ಕುಡುಮವೆನಿಸಿದ್ದ ಧರ್ಮಸ್ಥಳದಲ್ಲಿ ಜನರು ತಮ್ಮ ವ್ಯಾಜ್ಯಗಳನ್ನು ಹೆಗ್ಗಡೆಯವರ ಮುಂದಿಟ್ಟು ತೀರ್ಮಾನ ಪಡೆಯುವ ಪದ್ಧತಿ ತಲೆತಲಾಂತರದ್ದು. ಮಾತಿಗೆ ಮಾತು ಬೆಳೆದಾಗ ಆ ಕ್ಷೇತ್ರದ ಆಣೆಯಿಡುವುದೂ ಉಂಟು. ಆ ಆಣೆಯನ್ನು ತಾವು ಒಮ್ಮೆ ವೈಯಾಕರಣನ ಕಿವಿಯಿಂದ ಕೇಳಿ ನೋಡಬೇಕು.

'ನಾನು ಸುಳ್ಳು ಹೇಳಿದ್ದರೆ ಮಂಜುನಾಥ ನನ್ನನ್ನು ಶಿಕ್ಷಿಸಲಿ.' ಹೇಳಿದೆನೆಂದೂ ಇಲ್ಲ, ಹೇಳಲಿಲ್ಲವೆಂದೂ ಇಲ್ಲ. ನಿಜವನ್ನು ದೇವರಿಗೆ ಒಪ್ಪಿಸಿದೆ. ಈಗ ಬಾಲವನ್ನಷ್ಟೇ ಬದಲಿಸಿ: 'ನಾನು ಸುಳ್ಳು ಹೇಳಿದ್ದರೆ ಮಂಜುನಾಥ ನನ್ನನ್ನು ಶಿಕ್ಷಿಸುತ್ತಿದ್ದ.' ಮೊದಲರ್ಧದಲ್ಲಿ ಒಂದಕ್ಷರವೂ ಕದಲಿಲ್ಲ. ಆದರೆ ಇದು ಆಣೆಯಲ್ಲ, ವಾದ: 'ಶಿಕ್ಷೆಯಾಗಿಲ್ಲ, ಆದ್ದರಿಂದ ಸುಳ್ಳು ಹೇಳಿಲ್ಲ.'

ಇಂಗ್ಲಿಷು ಈ ಭೇದವನ್ನು ಮೊದಲರ್ಧದಲ್ಲೇ ಸಾರುತ್ತದೆ. ಆಣೆಗೆ 'ಇಫ್ ಐ ಹ್ಯಾವ್ ಲೈಡ್'. ವಾದಕ್ಕೆ 'ಇಫ್ ಐ ಹ್ಯಾಡ್ ಲೈಡ್'. ಈ 'ಹ್ಯಾಡ್' ಹೇಳುವುದು ಕಾಲವನ್ನು ಮಾತ್ರವಲ್ಲ. ನಡೆದ ಸಂಗತಿಯಿಂದ ಮಾತು ದೂರ ಸರಿದಿದೆ ಎಂಬುದನ್ನೂ ಹೇಳುತ್ತದೆ. 'ಇಫ್ ಐ ವರ್ ಎ ಕಿಂಗ್' ಎಂಬಲ್ಲಿಯೂ ಅಷ್ಟೇ: ರೂಪ ಭೂತಕಾಲದ್ದು, ಮಾತು ಇಂದಿನದು, ರಾಜತ್ವ ಬರಿಯ ಕಲ್ಪನೆ. ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ಕನ್ನಡದ 'ರೆ'ಗೆ ದೀರ್ಘ ಚರಿತ್ರೆಯಿದೆ. ಹಳಗನ್ನಡದ 'ಬಂದೊಡೆ' ವಚನಕಾರರ ಕಾಲಕ್ಕೆ 'ಬಂದಡೆ'ಯಾಗಿ, ನಮ್ಮ ಬಾಯಲ್ಲಿ 'ಬಂದರೆ' ಆಯಿತು. ಕಿಟೆಲರು ಇಂಥ ರೂಪಗಳನ್ನು ಇಂಗ್ಲಿಷಿನಲ್ಲಿ ವಿವರಿಸಿದ ವ್ಯಾಕರಣ 1903ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು.

ಇದು ಬರಿಯ ಶಾಲೆಯ ಪಾಠವಲ್ಲ. 1799ರಲ್ಲಿ ಈ ಸೀಮೆ ಕಂಪನಿಯ ಕೈಸೇರಿದ ಮೇಲೆ ಇಂಗ್ಲಿಷರ ನ್ಯಾಯಪದ್ಧತಿ ಬಂತು. 1873ರ ಪ್ರಮಾಣ ಶಾಸನವು ಜನರ ರೂಢಿಯ ಆಣೆಗೂ ಕೋರ್ಟಿನಲ್ಲಿ ಎಡೆಗೊಟ್ಟಿತು. ಎದುರಾಳಿ ಆಣೆಯಿಟ್ಟರೆ ಒಪ್ಪುವೆನೆಂದವನಿಗೆ ಆ ಸಾಕ್ಷ್ಯವೇ ಕೊನೆಯ ಮಾತಾಗುತ್ತಿತ್ತು. ಆದರೆ ಆಣೆ ಮೂರನೆಯವರನ್ನು ತಟ್ಟಬಾರದು. ಮಗುವಿನ ತಲೆ ಮುಟ್ಟಿ ಶಪಿಸಿಕೊಳ್ಳುವಂತಿರಲಿಲ್ಲ. 1969ರ ಶಾಸನ ಈ ಪಂಥದ ಆಣೆಯನ್ನು ಕೈಬಿಟ್ಟಿತು. ಅಂಥ ಸಾಕ್ಷ್ಯವನ್ನು ಭಾಷಾಂತರಿಸುವವನು 'ಹ್ಯಾವ್' ಇರಬೇಕಾದಲ್ಲಿ 'ಹ್ಯಾಡ್' ಇಟ್ಟರೆ, ದೇವರಿಗೆ ತಲೆಯೊಡ್ಡಿದವನು ತನ್ನ ಗೆಲುವನ್ನು ತಾನೇ ಸಾರಿಕೊಂಡಂತಾಗುತ್ತದೆ.

ಆದ್ದರಿಂದ ವಾಚಕರೇ, 'ರೆ' ಕಂಡೊಡನೆ 'ಇಫ್' ಹಾಕಿ ಮುಂದೆ ಹೋಗಬೇಡಿ. ವಾಕ್ಯದ ತುದಿಯವರೆಗೆ ಕಾಯಿರಿ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಕನ್ನಡವು ಕಡೆಯ ಕ್ರಿಯಾಪದದಲ್ಲಿ ಹೇಳುತ್ತದೆ.