ಆ ಹೆಸರು ಈಗಾಗಲೇ ಬೇರೆಯವರದು

ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ಯಂತ್ರಗಳಲ್ಲಿ ಕೆನ್ ಥಾಂಪ್ಸನ್ ಅವರ ಲಾಗಿನ್ ಹೆಸರು ಬರೀ ‘ಕೆನ್’, ಡೆನ್ನಿಸ್ ರಿಚಿ ಅವರದು ‘ಡಿಎಂಆರ್’. ಬಳಸುವವರೇ ಕಡಿಮೆ, ಹೆಸರಿಗೆ ಕಿತ್ತಾಟವೆಲ್ಲಿಯದು?

ವೆಬ್ ಬಂದ ಮೇಲೆ ಬಳಸುವವರು ಹೆಚ್ಚಿದರು; ಹೆಸರು ಕೇಳಿ ಪಡೆಯುವುದು ಫಾರಂ ಮೂಲಕವಾಯಿತು. 1995ರಲ್ಲಿ ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್ 2.0 ಮಾನದಂಡದೊಳಗೆ ಫಾರಂಗಳೂ ಸೇರಿದವು. ಒಂದು ಖಾನೆ ಖಾಲಿ ಬಿಟ್ಟರೂ ಫಾರಂ ಸರ್ವರ್‌ವರೆಗೆ ಹೋಗಿ ಮರಳಬೇಕಿತ್ತು. ಡಯಲ್-ಅಪ್ ಕಾಲದಲ್ಲಿ ಅದು ತಾಳ್ಮೆಯ ಪರೀಕ್ಷೆ. ಅದೇ ವರ್ಷ ಬಂದ ಜಾವಾಸ್ಕ್ರಿಪ್ಟ್ ಇಂಥ ತಪ್ಪುಗಳನ್ನು ಬ್ರೌಸರ್‌ನಲ್ಲೇ ಹಿಡಿಯತೊಡಗಿತು. ಆದರೆ ಹೆಸರು ಬೇರೆಯವರ ಪಾಲಾಗಿದೆಯೇ ಎಂಬುದು ಸರ್ವರ್‌ಗಷ್ಟೇ ಗೊತ್ತು. ಅಲ್ಲೂ ಎಡವಟ್ಟು: ಇಬ್ಬರು ಒಂದೇ ಕ್ಷಣದಲ್ಲಿ ‘ರವಿ’ ಎಂದು ಕೇಳಿದರೆ ಇಬ್ಬರಿಗೂ ‘ಸಿಗುತ್ತದೆ’ ಎಂಬ ಉತ್ತರ ಹೋಗಬಹುದು. ಕೊನೆಗೆ ಒಬ್ಬರನ್ನು ತಡೆಯುವುದು ಡೇಟಾಬೇಸ್‌ನ ‘ಯೂನಿಕ್’ ನಿಯಮ; ಒಂದೇ ಹೆಸರು ಎರಡು ಸಲ ದಾಖಲಾಗಲು ಅದು ಬಿಡುವುದಿಲ್ಲ.

ಚಾಟ್ ಆ್ಯಪ್ ಡಿಸ್ಕಾರ್ಡ್ ಬೇರೆ ದಾರಿ ಹಿಡಿಯಿತು. ಹೆಸರಿನ ಕೊನೆಗೆ 4 ಅಂಕಿ ಅಂಟಿಸಿ, ಒಂದೇ ಹೆಸರನ್ನು ಹಲವರಿಗೆ ಕೊಟ್ಟಿತು. ಆ ಅಂಕಿ ಅನೇಕರಿಗೆ ನೆನಪೇ ಉಳಿಯಲಿಲ್ಲ. 2023ರಲ್ಲಿ ಅದೂ ಒಬ್ಬರಿಗೊಂದು ಹೆಸರಿನ ಪದ್ಧತಿಗೆ ಬಂತು.