ಎ-ಸುಗೊರೊಕು: ಜಪಾನಿನ ಮರದಚ್ಚಿನ ಪಟದಾಟಗಳು

ಮರದಚ್ಚಿನಿಂದ ಕಾಗದದ ಮೇಲೆ ಮುದ್ರಿಸಿದ ಜಪಾನಿನ ಚಿತ್ರಪಟದಾಟವೇ ಎ-ಸುಗೊರೊಕು. ದಾಳ ಹಾಕಿ, ಬಿದ್ದ ಗರದಂತೆ ಕಾಯಿ ನಡೆಸಿ, ‘ಅಗಾರಿ’ ಎಂಬ ಕೊನೆಯ ಮನೆಯನ್ನು ಮೊದಲು ಮುಟ್ಟಿದವರು ಗೆದ್ದಂತೆ. ಕನ್ನಡಿಗರಿಗೆ ಪರಮಪದ ಸೋಪಾನಪಟ ನೆನಪಾದರೆ ಆಶ್ಚರ್ಯವಿಲ್ಲ. ಸುಗೊರೊಕು ಹೆಸರಿನ ಹಲಗೆಯಾಟವೊಂದು ಇದಕ್ಕಿಂತ ಬಹಳ ಹಳೆಯದು. ಚೀನಾದಿಂದ ಬಂದ ಆ ಜೂಜಿನಾಟವನ್ನು ಸಾಮ್ರಾಜ್ಞಿ ಜಿತೊ 689ರಲ್ಲೇ ನಿಷೇಧಿಸಿದ್ದಳು.

ಚಿತ್ರಪಟಗಳಲ್ಲಿ ಮೊದಮೊದಲಿನವು ಬೌದ್ಧಧರ್ಮದವು. ಜೋದೊ ಸುಗೊರೊಕುವಿನಲ್ಲಿ ಆಟಗಾರ ಹೊರಡುವುದು ಜಂಬೂದ್ವೀಪದಿಂದ, ಸೇರಬೇಕಾದದ್ದು ಬುದ್ಧಪದವಿಗೆ. ಗರ ಕೆಟ್ಟರೆ ನರಕ.

ಎದೊ ಕಾಲದಲ್ಲಿ ಗುರಿ ಭೂಮಿಗಿಳಿಯಿತು. ಎದೊ ನಗರದ ನಿಹೊನ್‌ಬಾಷಿ ಸೇತುವೆಯಿಂದ ತೊಕೈದೊ ಹೆದ್ದಾರಿಯ 53 ತಂಗುದಾಣಗಳನ್ನು ದಾಟಿ ಕ್ಯೋತೊ ಸೇರುವ ಪ್ರಯಾಣಪಟಗಳು ಮನೆಮಾತಾದವು. ಕಬುಕಿ ನಟರ ಪಟಗಳು ಬಂದವು. ಬದುಕಿನಲ್ಲಿ ಮೇಲೇರುವ ಕನಸನ್ನು ಮನೆಮನೆಯಾಗಿ ಜೋಡಿಸಿದ ‘ಷುಸ್ಸೆ’ ಪಟಗಳೂ ಬಂದವು. 1765ರ ಸುಮಾರಿಗೆ ಬಹುವರ್ಣದ ಮುದ್ರಣ ಕೈಗೂಡಿದ ಮೇಲೆ ಇವಕ್ಕೆ ಇನ್ನಷ್ಟು ಬೆಡಗು. ಹಿರೋಷಿಗೆ, ಕುನಿಸಾದರಂಥ ಹೆಸರಾಂತ ಕಲಾವಿದರೂ ಇವನ್ನು ರಚಿಸಿದ್ದಾರೆ. ಒಂದು ಕಾಲದ ಜನ ಯಾವುದನ್ನು ಗೆಲುವೆಂದು ಬಗೆದಿದ್ದರು ಎಂಬುದನ್ನು ಅಗಾರಿಯ ಮನೆಯಷ್ಟು ನೇರವಾಗಿ ಹೇಳುವ ದಾಖಲೆಗಳು ಕಡಿಮೆ. ಮೆಯ್ಜಿ ಯುಗದಲ್ಲಿ ಆ ಮನೆಗೆ ಯುದ್ಧದ ಜಯವೂ ಬಂದು ಕೂತಿತು.

ಹೊಸವರ್ಷಕ್ಕೆ ಕೊಂಡು, ಮಕ್ಕಳು ನೆಲದ ಮೇಲೆ ಹರವಿ ಆಡಿ, ಹರಿದಾಗ ಎಸೆದ ಸರಕು ಇದು. ಸಂಗ್ರಹಕಾರರ ಪಾಡೆಲ್ಲ ಇಲ್ಲಿಂದಲೇ ಶುರು. ದೊಡ್ಡ ಪಟಗಳನ್ನು ಹಲವು ಹಾಳೆ ಅಂಟಿಸಿ ಮಾಡುತ್ತಿದ್ದರು. ಮಡಚಿಟ್ಟ ಗೆರೆಯಲ್ಲೇ ಕಾಗದ ಸೀಳುತ್ತದೆ, ಉಳಿದದ್ದನ್ನು ಹುಳು ಕೊರೆಯುತ್ತದೆ. ಪಟ ಮಾರುತ್ತಿದ್ದ ಚಿತ್ರದ ಲಕೋಟೆ ಜೊತೆಗೆ ಸಿಕ್ಕಿತೆಂದರೆ ಭಾಗ್ಯ. ಆದರೆ ಮಡಿಕೆಯ ಗುರುತೇ ಇಲ್ಲದ ಹಾಳೆಗೆ ಮಾತ್ರ ಮರುಳಾಗುವವರು ಆಟದ ಅರ್ಧ ಚರಿತ್ರೆಯನ್ನು ಬಿಟ್ಟುಕೊಟ್ಟಂತೆಯೇ.

ಕಾಲ ಗುರುತಿಸಲು ಮೊದಲು ನೋಡುವುದು ಮುದ್ರೆಗಳನ್ನು. 1790ರಿಂದ ಅಚ್ಚುಚಿತ್ರಗಳಿಗೆ ಪರಿಶೀಲಕರ ಒಪ್ಪಿಗೆಯ ಮುದ್ರೆ ಬೀಳುತ್ತಿತ್ತು. ಅದರ ರೂಪ ಕಾಲಕಾಲಕ್ಕೆ ಬದಲಾದದ್ದು ಇಂದು ಅನುಕೂಲವೇ ಆಗಿದೆ. ಪ್ರಕಾಶಕರ ಚಿಹ್ನೆ ಮತ್ತೊಂದು ಸುಳಿವು. ಕಣ್ಣು ಕುಕ್ಕುವ ಕೆಂಪು ಕಂಡರೆ ಮೆಯ್ಜಿ ಕಾಲದ ಕೃತಕ ಬಣ್ಣವಿರಬಹುದು.

ಮುಂದೆ ಕಲ್ಲಚ್ಚು ಮರದಚ್ಚನ್ನು ಹಿಂದಿಕ್ಕಿತು, ಆಟ ಮಕ್ಕಳ ಪತ್ರಿಕೆಗಳ ಹೊಸವರ್ಷದ ಪುರವಣಿಯಾಯಿತು. ತೋಕಿಯೊ ಗಾಕುಗೆಯ್ ವಿಶ್ವವಿದ್ಯಾಲಯದ ಗ್ರಂಥಾಲಯ ಮತ್ತು ಎದೊ-ತೋಕಿಯೊ ವಸ್ತುಸಂಗ್ರಹಾಲಯಗಳಲ್ಲಿ ಇಂಥ ಪಟಗಳ ಗಣನೀಯ ಸಂಗ್ರಹಗಳಿವೆ.