ರೌಡಿ

19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ ಪದ ಇದು. ಆಗ ಕಾಡಂಚಿನ ಒರಟನಿಗೆ ಹೀಗೆನ್ನುತ್ತಿದ್ದರು. ಇಂದು ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಗುಣವಾಚಕ. ಗಲಾಟೆ ಮಾಡುವ ಮಕ್ಕಳಿಗೂ ಸಲ್ಲುತ್ತದೆ. ಕನ್ನಡ, ತೆಲುಗುಗಳಲ್ಲಿ ಮಾತ್ರ ರೌಡಿ ಎಂದರೆ ಒಬ್ಬ ಆಸಾಮಿ, ಹೆಚ್ಚುಕಡಿಮೆ ಒಂದು ಕಸುಬು. ಪೊಲೀಸರ ಕಡತ ಸೇರಿ ಹುಟ್ಟಿದ 'ರೌಡಿ ಶೀಟರ್' ಅಂತೂ ಅಪ್ಪಟ ದೇಸಿ ಇಂಗ್ಲಿಷು.

ತೆಲುಗರ ಮಾತಿನಲ್ಲಿ ರೌಡಿಸಂ ಎಂದೊಡನೆ ವಿಜಯವಾಡ ನೆನಪಾಗುತ್ತದೆ. 1988ರ ಡಿಸೆಂಬರ್ 26ರಂದು ಅಲ್ಲಿ ಉಪವಾಸ ಕೂತಿದ್ದ ಶಾಸಕ ವಂಗವೀಟಿ ಮೋಹನರಂಗಾ ಅವರ ಕೊಲೆಯಾಯಿತು. ಊರು ಹೊತ್ತಿ ಉರಿಯಿತು. ಅದೇ ಊರಲ್ಲಿ ಎಂಜಿನಿಯರಿಂಗ್ ಓದಿದ್ದ ರಾಮಗೋಪಾಲ ವರ್ಮಾ 1989ರಲ್ಲಿ 'ಶಿವ' ಸಿನಿಮಾ ತೆಗೆದರು. ಅದರ ನಾಯಕ ನಾಗಾರ್ಜುನ ಸೈಕಲ್ ಚೈನು ಕಿತ್ತು ಕೈಗೆ ಸುತ್ತಿಕೊಂಡದ್ದೇ ತಡ, ಹೊಡೆದಾಟಕ್ಕೊಂದು ಠೀವಿ ಬಂತು. 1991ರ 'ಅಸೆಂಬ್ಲಿ ರೌಡಿ', 'ರೌಡಿ ಅಲ್ಲುಡು' ಹೊತ್ತಿಗೆ ಬೈಗುಳ ನಾಯಕನ ಬಿರುದಾಗಿತ್ತು. ಕನ್ನಡದವರು ನಾವೇನು ಕಡಿಮೆ? 1995ರ 'ಓಂ'ನಲ್ಲಿ ನಿರ್ದೇಶಕ ಉಪೇಂದ್ರ ಬೆಂಗಳೂರಿನ ಅಸಲಿ ರೌಡಿಗಳನ್ನೇ ತೆರೆಗೆ ತಂದರು.

ವಿಶಾಖಪಟ್ಟಣದಲ್ಲಿ ವಕೀಲರಾಗಿದ್ದ ತೆಲುಗು ಕಥೆಗಾರ ರಾಚಕೊಂಡ ವಿಶ್ವನಾಥ ಶಾಸ್ತ್ರಿ (1922–1993) ಅವರದು ಬೇರೆಯೇ ದಾರಿ. ಅವರ 'ಆರು ಸಾರಾ ಕಥಲು' ಪಾನನಿಷೇಧದ ಕಾಲದ ಸಾರಾಯಿ ಕಥೆಗಳು. ಸಿಕ್ಕಿಬೀಳುವ ಬಡವರು, ಪೊಲೀಸರು, ಕೋರ್ಟು ಎಲ್ಲ ಅಲ್ಲಿವೆ. ಹೊಡೆದವನ ಠೀವಿಗಿಂತ ಏಟು ತಿಂದವನ ಬಾಳು ಅವರಿಗೆ ಮುಖ್ಯ. ರೌಡಿ ಎಂಬ ಹಣೆಪಟ್ಟಿ ಯಾರಿಗೆ ಏಕೆ ಅಂಟುತ್ತದೆಂದು ತಿಳಿಯಲು ಮೇಲಿನ ಸಿನಿಮಾಗಳಿಗಿಂತ ಈ ಕಥೆಗಳೇ ಮೇಲು.